ಪಕ್ಕದ ಸೀಟಿನವಳು

ಹುಮನಾಬಾದ್
೯ ಜೂನ್ ೨೦೨೫

ಪ್ರೀತಿಯ ಮಹಜಬೀನ್,

ನನ್ನ ಅಕ್ಷರ ನೋಡಿದ ಕೂಡಲೇ ನಿನಗೆ ಸಿಟ್ಟು ಬರುತ್ತದೆ ಎಂದು ಗೊತ್ತು. ಹರಿದು ಹಾಕುವುದಿದ್ದರೂ ಒಮ್ಮೆ ಪೂರ್ತಿ ಓದಿ ಹರಿ. ಕಳೆದ ವರ್ಷ ಫೆಬ್ರುವರಿಯಿಂದ ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ಬೇರೆಯವರ ಫೋನಿನಿಂದ ಮಾಡಿದರೆ ಕಳ್ಳತನ ಮಾಡಿದ ಹಾಗಾಗುತ್ತದೆ ಎಂದು ಸುಮ್ಮನಿದ್ದೆ. ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಬಂದು ನಿಮ್ಮ ಮನೆಯ ಬಾಗಿಲು ಬಡಿಯುವ ಧೈರ್ಯವೂ ಆಗಲಿಲ್ಲ. ಕೊನೆಗೆ ಉಳಿದದ್ದು ಅಂಚೆ.

ಮೊನ್ನೆ ಒಂದು ವಿಮಾನ ಕಂಪನಿಯ ಜಾಹೀರಾತು ಬಂದಿದೆ. ಸಹ ಪೈಲಟ್‌ಗಳು ಬೇಕಂತೆ. ಆದರೆ ಏರ್‌ಬಸ್ ವಿಮಾನದ ಟೈಪ್ ರೇಟಿಂಗ್ ಚಾಲ್ತಿಯಲ್ಲಿರುವವರು ಮಾತ್ರ ಅರ್ಜಿ ಹಾಕಬೇಕಂತೆ. ಅಂಗಡಿಯಲ್ಲಿ ಲಾರಿಗೆ ಹೊದಿಸುವ ತಾಡಪತ್ರಿ ಮಡಚುತ್ತ ಕೂತಿದ್ದ ಅಪ್ಪನಿಗೆ ಓದಿ ಹೇಳಿದೆ.

“ಲೈಸೆನ್ಸ್ ಅದಲ್ಲ ನಿಂದು? ಮತ್ತೇನ್ ಬೇಕಂತ?” ಎಂದರು.

“ಅದು ಸಣ್ಣ ವಿಮಾನದ್ದಪ್ಪಾ. ದೊಡ್ಡ ವಿಮಾನ ಒಂದೊಂದಕ್ಕೂ ಬ್ಯಾರೆ ಪರೀಕ್ಷೆ. ಅದಕ್ಕೇ ಟೈಪ್ ರೇಟಿಂಗ್ ಅಂತಾರ.”

“ನೌಕರಿ ಕೊಟ್ಟವರು ಕಲಸಂಗಿಲ್ಲೇನು?”

“ಕಲತು ಬಂದವರಿಗೇ ನೌಕರಿ ಅಂತಾರಪ್ಪಾ.”

ಅಪ್ಪ ಮಡಚುವುದನ್ನು ನಿಲ್ಲಿಸಿ, “ಹಂಗಾದ್ರ ಕಲತೇ ಬಿಡು. ಇಷ್ಟು ದಿನ ಯಾಕ ಕೂತಿ?” ಎಂದರು.

ಅವತ್ತು ನಾವಿಬ್ಬರೂ ಸೇರಬೇಕಿದ್ದ ಹೈದರಾಬಾದಿನ ಅದೇ ತರಬೇತಿ ಕೇಂದ್ರಕ್ಕೆ ಫೋನ್ ಮಾಡಿದ್ದೆ. ಸೆಪ್ಟೆಂಬರ್‌ನಲ್ಲಿ ಜಾಗ ಇದೆ. ಸಿಮ್ಯುಲೇಟರಿನಲ್ಲಿ ಇಬ್ಬರು ಕೂರಲೇಬೇಕು, ಜೊತೆಯವರನ್ನು ನೀವೇ ಕರೆತಂದರೆ ಅನುಕೂಲ ಎಂದರು. ನಿನ್ನ ರೇಟಿಂಗಿನ ಒಂದು ವರ್ಷದ ಅವಧಿ ಆಗಸ್ಟ್‌ನಲ್ಲಿ ಮುಗಿಯುತ್ತದೆ ಎಂದು ನಮ್ಮ ಬ್ಯಾಚಿನವರಿಂದ ತಿಳಿಯಿತು. ನೀನು ನವೀಕರಿಸಬೇಕು, ನಾನು ಹೊಸದಾಗಿ ಪಡೆಯಬೇಕು. ಇಬ್ಬರನ್ನೂ ಒಟ್ಟಿಗೆ ಕೂರಿಸಲು ಅವರು ಒಪ್ಪಿದ್ದಾರೆ.

ಅವತ್ತು ನಾನು ಯಾಕೆ ಬರಲಿಲ್ಲ ಎಂದು ಬರೆಯಲು ಕೂತು ಮೂರು ಹಾಳೆ ಹರಿದೆ. ನೀನು ಒಂದು ಸಾಲು ಉತ್ತರ ಬರೆದರೂ ಸಾಕು, ಅದನ್ನೂ ಬರೆಯುತ್ತೇನೆ.

ನಿನ್ನ
ಶೀತಲ್

*

ಬಸವಕಲ್ಯಾಣ
೨೪ ಜೂನ್ ೨೦೨೫

ಶೀತಲ್ ಅವರಿಗೆ,

ನಿಮ್ಮ ಪತ್ರ ಮುಟ್ಟಿತು. ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಪತ್ರ ಬಂದು ಎಂಟು ದಿನವಾದರೂ ಸುಮ್ಮನಿದ್ದೀಯಲ್ಲ ಎಂದು ಅಮ್ಮಿ ದಿನಾ ಕೇಳುತ್ತಾರೆ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಈಗ ಹತ್ತನೆಯ ಇಯತ್ತೆಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಟೈಪ್ ರೇಟಿಂಗ್ ಇಲ್ಲ ಎಂದು ಮೊದಲು ಎಲ್ಲರೂ ಬೇಡ ಎಂದರು. ಅದನ್ನು ಮುಗಿಸಿಕೊಂಡು ಹೋದರೆ, ಆ ವಿಮಾನದಲ್ಲಿ ಐನೂರು ತಾಸು ಹಾರಿದ ಅನುಭವ ಎಲ್ಲಿದೆ ಎಂದರು. ನೌಕರಿ ಸಿಗದೆ ಐನೂರು ತಾಸು ಎಲ್ಲಿ ಹಾರಲಿ? ಲಾರಿಯ ಬಾಡಿ ಕಟ್ಟುವ ನಮ್ಮ ಅಜರ್ ಭಾಯಿಗೆ ಇದು ಇನ್ನೂ ಅರ್ಥವಾಗಿಲ್ಲ. “ನಮ್ಮಲ್ಲಿ ಕ್ಲೀನರ್ ಆಗಿ ಬಂದಾವ ಲಾರಿ ಮ್ಯಾಲೇ ಕಲತು ಡ್ರೈವರ್ ಆಗ್ತಾನ. ನಿಮ್ಮೋರು ಮೊದಲ ಡ್ರೈವರ್ ಆಗಿ ಬಾ, ಆಮ್ಯಾಲ ಲಾರಿ ತೋರಸ್ತೀವಿ ಅಂತಾರಲ್ಲ, ಇದ್ಯಾವ ದಸ್ತೂರು?” ಎನ್ನುತ್ತಾನೆ. ಅಮ್ಮಿ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಕಳೆದ ವರ್ಷ ಫೆಬ್ರುವರಿ ಹನ್ನೆರಡರಂದು ಹೈದರಾಬಾದ್ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟುಕೊಂಡು ಬಂದೆ. ಹುಮನಾಬಾದ್ ನಿಲ್ದಾಣದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. “ಯಾರ್ ಬರೋರದಾರ?” ಎಂದು ಕಂಡಕ್ಟರ್ ಎರಡು ಸಲ ಕೇಳಿದ. ಬರ್ತಾಳ್ರೀ ಎಂದೆ. ಬಸ್ಸು ಹೊರಟು ಮನ್ನಾಏಖೇಳ್ಳಿ ಮುಟ್ಟಿದಾಗ ಮೆಸೇಜು ಬಂತು. “ಮನೆಯಲ್ಲಿ ಬೇಡ ಅಂತಾರ. ನೀನು ಹೋಗು.” ಹದಿನೈದು ವರ್ಷದ ಸ್ನೇಹಕ್ಕೆ ಐದು ಶಬ್ದ.

ಜೊತೆ ಇಲ್ಲದವಳನ್ನು ಕೇಂದ್ರದವರು ಸೇರಿಸಿಕೊಳ್ಳಲಿಲ್ಲ. ನಾಲ್ಕು ತಿಂಗಳು ಕಾದು, ಯಾರೋ ಗುರುತಿಲ್ಲದವರ ಪಕ್ಕದಲ್ಲಿ ಕೂತು ಕಲಿತೆ. ನಾನು ಮುಗಿಸುವಷ್ಟರಲ್ಲಿ ನಾವಿಬ್ಬರೂ ಆಸೆ ಇಟ್ಟುಕೊಂಡಿದ್ದ ಆ ನೇಮಕಾತಿಯ ಬಾಗಿಲು ಮುಚ್ಚಿತ್ತು.

ನಿಮ್ಮ ಮನೆಯಲ್ಲಿ ಯಾಕೆ ಬೇಡ ಎಂದರು ಎಂಬುದು ನನಗೆ ಅವತ್ತೇ ಅರ್ಥವಾಗಿದೆ. ಬಿಡಿಸಿ ಹೇಳುವ ತ್ರಾಸು ನಿಮಗೆ ಬೇಡ. ಇನ್ನು ಬರೆಯಬೇಡಿ.

ಮಹಜಬೀನ್

*

ಹುಮನಾಬಾದ್
೨ ಜುಲೈ ೨೦೨೫

ಮಹಜಬೀನ್,

ಬರೆಯಬೇಡ ಎಂದರೂ ಬರೆಯುತ್ತಿದ್ದೇನೆ. ನಿನ್ನ ಪತ್ರವನ್ನು ಎಷ್ಟು ಸಲ ಓದಿದರೂ ಒಂದು ಸಾಲು ನನಗೆ ತಿಳಿಯಲಿಲ್ಲ. ನಿನಗೆ ಏನು ಅರ್ಥವಾಯಿತು? ಯಾಕೆ ಎಂದು ನಾನು ಒಬ್ಬರನ್ನು ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ದಯವಿಟ್ಟು ಬಿಡಿಸಿ ಬರಿ.

ಶೀತಲ್

*

ಬಸವಕಲ್ಯಾಣ
೧೧ ಜುಲೈ ೨೦೨೫

ಶೀತಲ್,

ನನ್ನ ಬಾಯಿಂದಲೇ ಬರಬೇಕೇನು? ಸರಿ.

ತರಬೇತಿಗೆಂದು ಹೈದರಾಬಾದಿನಲ್ಲಿ ನಾವಿಬ್ಬರೂ ಒಂದೇ ಖೋಲಿ ಹಿಡಿದಿದ್ದೆವು. ಒಂದೇ ಒಲೆ, ಒಂದೇ ಪಾತ್ರೆ. ಎರಡು ತಿಂಗಳು ಮುಸಲ್ಮಾನರ ಹುಡುಗಿಯ ಜೊತೆ ಒಂದೇ ಅಡುಗೆ ಉಂಡುಕೊಂಡು ಇರುವುದು ನಿಮ್ಮಪ್ಪನಿಗೆ ಸೇರಲಿಲ್ಲ. ಅದನ್ನು ನನಗೆ ಹೇಳಲಾಗದೆ ನೀನು ಆ ಮೆಸೇಜು ಕಳಿಸಿದೆ. ಇಷ್ಟೇ.

ಬೇರೆ ಯಾರಾದರೂ ಹಾಗೆ ಅಂದಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಆದರೆ ಕಾಲೇಜು ಬಿಟ್ಟು ಬಸ್ಸು ತಪ್ಪಿದಾಗಲೆಲ್ಲ ನಾನು ಉಂಡದ್ದು ನಿಮ್ಮ ಮನೆಯಲ್ಲಿ. ನಿಮ್ಮಪ್ಪ, ಮಹಾರುದ್ರಪ್ಪ ಕಾಕಾ, ತಮ್ಮ ಕೈಯಾರೆ ರೊಟ್ಟಿಯ ಮೇಲೆ ಬೆಣ್ಣೆ ಇಡುತ್ತಿದ್ದರು. ಅವರು ಹಾಗೆ ಅಂದರು ಎಂಬುದು ನನಗೆ ನುಂಗಲಾಗಲಿಲ್ಲ. ಆವತ್ತಿನಿಂದ ನಾನು ಹುಮನಾಬಾದಿನಲ್ಲಿ ಬಸ್ಸಿನಿಂದ ಕೆಳಗೆ ಇಳಿದಿಲ್ಲ.

ಮಹಜಬೀನ್

*

ಹುಮನಾಬಾದ್
೧೫ ಜುಲೈ ೨೦೨೫

ಮಹಜಬೀನ್,

ನಿನ್ನ ಪತ್ರ ಇವತ್ತು ಮಧ್ಯಾಹ್ನ ಬಂತು. ಈಗಲೇ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿಕೊಂಡು ಓದು.

ಅಪ್ಪ ಒಂದು ಮಾತೂ ಅಂದಿಲ್ಲ. ಅಪ್ಪನಿಗೆ ಗೊತ್ತೇ ಇರಲಿಲ್ಲ. ನಾನು ನಿನಗೆ ಹೇಳಿದ್ದು ಸುಳ್ಳು. ಕೇಂದ್ರದವರು ತರಬೇತಿಯನ್ನು ಮುಂದೆ ಹಾಕಿದ್ದಾರೆ ಎಂದು ಅಪ್ಪನಿಗೆ ಹೇಳಿದ್ದೂ ಸುಳ್ಳು.

ನಾವು ಹೊರಡುವ ನಾಲ್ಕು ದಿನ ಮೊದಲು ನಾನು ವೈದ್ಯಕೀಯ ತಪಾಸಣೆಗೆ ಹೋಗಿದ್ದೆನಲ್ಲ, ನೆನಪಿದೆಯೇ? ಇಸಿಜಿ ನೋಡಿದ ಡಾಕ್ಟರು ಇನ್ನೊಮ್ಮೆ ತೆಗೆಸಿದರು. ಮತ್ತೊಮ್ಮೆ ತೆಗೆಸಿದರು. ಆಮೇಲೆ ಇನ್ನೊಬ್ಬ ಡಾಕ್ಟರನ್ನು ಕರೆದರು. ನನ್ನ ಕೈಗೆ ಬಂದ ಕಾಗದದ ಮೇಲೆ ‘ತಾತ್ಕಾಲಿಕವಾಗಿ ಅನರ್ಹ’ ಎಂದಿತ್ತು. ಹೃದಯದಲ್ಲಿ ಏನೋ ದೋಷ ಇರಬಹುದು, ತಪಾಸಣೆ ಆಗಬೇಕು ಎಂದರು. ಆ ಕಾಗದವನ್ನು ನಾಲ್ಕು ದಿನ ಚೀಲದಲ್ಲೇ ಇಟ್ಟುಕೊಂಡಿದ್ದೆ. ಯಾರಿಗೂ ತೋರಿಸದಿದ್ದರೆ ಅದು ಖರೆ ಆಗುವುದಿಲ್ಲ ಎಂಬ ಹುಚ್ಚು ನಂಬಿಕೆ. ಬಸ್ಸಿನ ದಿನ ನಾನು ನಿಲ್ದಾಣದವರೆಗೆ ಬಂದಿದ್ದೆ, ಮಹಜಬೀನ್. ಹೂವಿನ ಅಂಗಡಿಯ ಹಿಂದೆ ನಿಂತಿದ್ದೆ. ನೀನು ಕಿಟಕಿಯಿಂದ ತಲೆ ಹೊರಗೆ ಹಾಕಿ ಹುಡುಕುತ್ತಿದ್ದುದನ್ನು ನೋಡಿದೆ. ಬಸ್ಸು ಹೋದ ಮೇಲೆ ಮೆಸೇಜು ಮಾಡಿದೆ. ಮನೆಯಲ್ಲಿ ಬೇಡ ಅಂತಾರ ಎಂದು ಹುಡುಗಿ ಹೇಳಿದರೆ ನಮ್ಮ ಕಡೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಅದಕ್ಕೇ ಅದನ್ನು ಬರೆದೆ. ಆ ಮಾತು ನಿನಗೆ ಹೇಗೆ ಕೇಳಿಸುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಹೊಳೆಯದೆ ಇದ್ದದ್ದೇ ನನ್ನ ದೊಡ್ಡ ತಪ್ಪು.

ಆಮೇಲೆ ಹನ್ನೊಂದು ತಿಂಗಳು ಆಸ್ಪತ್ರೆ ಸುತ್ತಿದೆ. ಗೊತ್ತಿದ್ದದ್ದು ಅಣ್ಣನ ಹೆಂಡತಿ ಜಯಮಾಲಾ ವೈನಿಗೆ ಮಾತ್ರ. ಸೀರೆ ತರುವ ನೆಪ, ತವರಿಗೆ ಹೋಗುವ ನೆಪ ಮಾಡಿ ನನ್ನನ್ನು ಹೈದರಾಬಾದಿಗೆ ಕರೆದೊಯ್ಯುತ್ತಿದ್ದರು. ಈ ವರ್ಷ ಜನವರಿಯಲ್ಲಿ ಒಬ್ಬರು ಹಿರಿಯ ಡಾಕ್ಟರು ಎಲ್ಲ ಕಾಗದ ಹರಡಿಕೊಂಡು ನೋಡಿ, “ನಿಮ್ಮ ಹೃದಯದ ಗೆರೆ ಹುಟ್ಟಿದಾಗಿನಿಂದ ಹೀಗೇ ಇರಬೇಕಮ್ಮ. ಇದು ರೋಗವಲ್ಲ. ನಿಮಗೆ ಏನೂ ಆಗಿಲ್ಲ” ಎಂದರು. ವೈನಿ ಅಲ್ಲೇ ಅತ್ತುಬಿಟ್ಟರು. ನನಗೆ ಅಳು ಬರಲಿಲ್ಲ. ಮೊದಲು ನೆನಪಾದವಳು ನೀನು. ಹೇಳಬೇಕೆಂದು ಫೋನ್ ತೆಗೆದೆ. ಕರೆ ಹೋಗಲಿಲ್ಲ.

ಈಗ ನಾನು ಅರ್ಹಳು. ಹಾರಬಹುದು ಎಂದು ಬರೆದುಕೊಟ್ಟಿದ್ದಾರೆ. ಇದೆಲ್ಲವನ್ನೂ ಇವತ್ತು ಊಟದ ಹೊತ್ತಿಗೆ ಅಪ್ಪನಿಗೂ ಹೇಳುತ್ತೇನೆ, ನಿನ್ನ ಪತ್ರವನ್ನೂ ಓದಿ ತೋರಿಸುತ್ತೇನೆ. ಜೊತೆಗೆ ಬಾ ಎಂದು ಇನ್ನು ಕೇಳುವುದಿಲ್ಲ. ಅಪ್ಪನ ಮೇಲಿನ ಸಿಟ್ಟು ಒಂದನ್ನು ಬಿಡು. ನನ್ನ ಮೇಲಿನದು ಇರಲಿ.

ಶೀತಲ್

*

ಹುಮನಾಬಾದ್
೨೧ ಜುಲೈ ೨೦೨೫

ಬೇಟಾ ಮಹಜಬೀನ್‌ಗೆ ಮಹಾರುದ್ರಪ್ಪ ಕಾಕಾನ ಶರಣಾರ್ಥಿ.

ನಾನು ಪತ್ರ ಬರೆದು ಇಪ್ಪತ್ತು ವರ್ಷದ ಮೇಲಾಗಿದೆ. ಮೊನ್ನೆ ಮಗಳು ಎಲ್ಲ ಹೇಳಿದಳು. ನಾನು ಉಣ್ಣುವುದನ್ನು ಬಿಟ್ಟು ಎದ್ದೆ. ಅವಳ ಎದೆಯ ಮಾತು ಕೇಳಿ ಮೊದಲು ಹೆದರಿಕೆ, ಆಮೇಲೆ ಸಿಟ್ಟು, ಆಮೇಲೆ ಏನೂ ಆಗಿಲ್ಲವಲ್ಲ ಎಂದು ಜೀವ ತಣ್ಣಗಾಯಿತು. ಒಂದೇ ತಾಸಿನಲ್ಲಿ ಮೂರೂ ಆಯಿತು. ಆದರೆ ನಿನ್ನ ಪತ್ರ ಓದಿದಾಗ ಆದದ್ದೇ ಬೇರೆ.

ಹೋದ ವರ್ಷದಿಂದ ಅಜರ್ ನಮ್ಮ ಅಂಗಡಿಗೆ ಬಂದಿಲ್ಲ. ಲಾರಿಗೆ ತಾಡಪತ್ರಿ ಬೇಕಾದರೆ ನಿಮ್ಮ ಅಬ್ಬಾನ ಕಾಲದಿಂದ ನಮ್ಮಲ್ಲೇ ಒಯ್ಯುತ್ತಿದ್ದರು. ನನ್ನ ಮಾಲಿನಲ್ಲಿ ಏನೋ ಖೋಟ ಬಂದಿರಬೇಕು, ಮಳೆಯಲ್ಲಿ ಸೋರಿರಬೇಕು ಎಂದುಕೊಂಡೆ. ಅಂಗಡಿಯ ಆಳು ಬಂಡೆಪ್ಪನ ಕೈಯಲ್ಲಿ ಒಂದು ಹೊಸದನ್ನು ಕಳಿಸಿದೆ. ಅದು ಹಾಗೇ ವಾಪಸ್ ಬಂತು. “ಏನಂದ್ರೋ?” ಎಂದು ಕೇಳಿದರೆ, “ಏನೂ ಅನ್ನಲಿಲ್ರಿ, ಮಾರಿ ತಿರುವಿದ್ರು” ಎಂದ. ನಾನು ಬೆಪ್ಪ, ತಾಡಪತ್ರಿಯ ಗುಣ ಪರೀಕ್ಷೆ ಮಾಡುತ್ತ ಕೂತೆ. ಮೇಲೆ ನೀರು ಸುರಿದು ನೋಡಿದೆ. ಸೋರಲಿಲ್ಲ.

ಹಾಗೆ ನಾನು ಅಂದಿರುವೆ ಎಂದು ನೀನು ನಂಬಿದ್ದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ಈಗಿನ ಕಾಲ ಹಾಗಿದೆ, ಅಂಥ ಮಾತು ಯಾರ ಬಾಯಿಂದ ಬಂದರೂ ನಂಬುವಂತಾಗಿದೆ. ಆದರೆ ನಾನು ಅಂದಿಲ್ಲ ಬೇಟಾ. ಇದನ್ನು ನನ್ನ ಕೈಯಾರೆ ಬರೆದು ತಿಳಿಸಬೇಕು ಅನ್ನಿಸಿತು. ನಿಮ್ಮ ಅಮ್ಮಿ ಸರ್ವರಿ ಬಾಯಿಯವರಿಗೂ ಓದಿ ಹೇಳು. ಅಜರ್‌ಗೂ ಹೇಳು.

ನಿನ್ನ ಕಾಕಾ
ಮಹಾರುದ್ರಪ್ಪ

*

ಬಸವಕಲ್ಯಾಣ
೬ ಆಗಸ್ಟ್ ೨೦೨೫

ಶೀತಲ್,

ಕಾಕಾನ ಪತ್ರವನ್ನು ಮನೆಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿದೆ. ತಾಡಪತ್ರಿಯ ಮೇಲೆ ನೀರು ಸುರಿದದ್ದು ಬಂದಾಗ ಪತ್ರವನ್ನು ಕೆಳಗಿಟ್ಟೆ. ಮುಂದಿನದನ್ನು ಭಾಯಿ ತೆಗೆದುಕೊಂಡು ಓದಿದ. ಓದಿ ಮುಗಿಸಿ ಚಪ್ಪಲಿ ಮೆಟ್ಟಿಕೊಂಡು ಹೊರಟ. ಅಮ್ಮಿ, “ಎಲ್ಲಿಗೋ?” ಎಂದರೆ, “ಹುಮನಾಬಾದಿಗೆ. ಎರಡು ತಾಡಪತ್ರಿ ತರೋದದ” ಎಂದ. ಸಂಜೆಯವರೆಗೆ ಬರಲಿಲ್ಲ. ಬಂದಾಗ ಹೊಟ್ಟೆ ತುಂಬಿತ್ತು, ಊಟ ಬೇಡ ಎಂದ.

ನನ್ನ ಸಿಟ್ಟು ಈಗ ಪೂರ್ತಿ ನಿನ್ನ ಮೇಲಿದೆ. ಒಂದೂವರೆ ವರ್ಷ ಒಬ್ಬ ಒಳ್ಳೆಯ ಮನುಷ್ಯನನ್ನು ನಾನು ಮನಸ್ಸಿನಲ್ಲಿ ಕೆಟ್ಟವನನ್ನಾಗಿ ಮಾಡಿ ಇಟ್ಟುಕೊಂಡಿದ್ದೆ. ಅದು ಎಷ್ಟು ಭಾರ ಎಂದು ನಿನಗೆ ಗೊತ್ತಿಲ್ಲ. ನನ್ನ ಎದೆಗೆ ಏನೋ ಆಗಿದೆ ಎಂದು ನೀನು ಒಂದು ಮಾತು ಅಂದಿದ್ದರೆ ಆ ಬಸ್ಸನ್ನು ಅಲ್ಲೇ ನಿಲ್ಲಿಸಿ ಇಳಿಯುತ್ತಿದ್ದೆ ಹುಚ್ಚಿ. ತರಬೇತಿ ಎಲ್ಲಿಗೆ ಓಡಿಹೋಗುತ್ತಿತ್ತು?

ಆದರೂ ಖರೆ ಹೇಳುತ್ತೇನೆ. ನಿನ್ನ ಪತ್ರ ಓದಿದ ರಾತ್ರಿ ಎಷ್ಟೋ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು. ಅಂಥದ್ದೇನೂ ಆಗಿರಲಿಲ್ಲ. ಕಾಕಾ ಕಾಕಾನೇ ಆಗಿದ್ದರು. ನೀನೂ ಬದುಕಿದ್ದೀ.

ಸೆಪ್ಟೆಂಬರ್‌ಗೆ ಬರುತ್ತೇನೆ. ಒಂದು ಶರತ್ತು. ಪಕ್ಕದ ಸೀಟಿನವಳಿಗೆ ಸುಳ್ಳು ಹೇಳಬಾರದು. ಹೆದರಿಕೆಯಾದರೆ ಹೆದರಿಕೆಯಾಗಿದೆ ಅನ್ನಬೇಕು. ಮರೆತಿದ್ದರೆ ಮರೆತಿದ್ದೇನೆ ಅನ್ನಬೇಕು. ಒಪ್ಪಿಗೆಯಾದರೆ ಈ ಭಾನುವಾರ ಬಾ. ನನ್ನ ಖೋಲಿಯ ಗೋಡೆಗೆ ಕಾಕ್‌ಪಿಟ್ಟಿನ ದೊಡ್ಡ ಚಿತ್ರ ಅಂಟಿಸಿದ್ದೇನೆ. ಅದರ ಮುಂದೆ ಎರಡು ಕುರ್ಚಿ ಹಾಕಿಕೊಂಡು ಮೊದಲಿನಿಂದ ಶುರು ಮಾಡೋಣ.

ಮಹಜಬೀನ್

*

ಹೈದರಾಬಾದ್
೨೯ ಅಕ್ಟೋಬರ್ ೨೦೨೫

ಅಪ್ಪನವರಿಗೆ ಶೀತಲ್ ಮಾಡುವ ನಮಸ್ಕಾರಗಳು.

ಫೋನಿನಲ್ಲಿ ಇಬ್ಬರೂ ಪಾಸು ಎಂದಷ್ಟೇ ಹೇಳಿದೆ. ನಿಮ್ಮಿಂದ ಒಂದೂವರೆ ವರ್ಷ ಮುಚ್ಚಿಟ್ಟವಳು ನಾನು. ಅದಕ್ಕೆ ಈ ಸಲ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ತಪ್ಪನ್ನೂ ಸೇರಿಸಿ.

ಸಿಮ್ಯುಲೇಟರ್ ಎಂದರೆ ಕಂಬಗಳ ಮೇಲೆ ನಿಂತ ಒಂದು ಕೋಣೆ ಅಪ್ಪಾ. ಒಳಗೆ ಹೋದರೆ ಥೇಟು ವಿಮಾನವೇ. ಇಬ್ಬರಲ್ಲಿ ಒಬ್ಬರು ಹಾರಿಸಬೇಕು, ಇನ್ನೊಬ್ಬರು ನೋಡಿಕೊಳ್ಳಬೇಕು. ಪರೀಕ್ಷಕರು ಹಿಂದೆ ಕೂತು ಒಂದೊಂದೇ ತೊಂದರೆ ಕೊಡುತ್ತಾರೆ. ನಿನ್ನೆ ಮಹಜಬೀನ್ ಹಾರಿಸುತ್ತಿದ್ದಳು. ನೆಲ ಬಿಟ್ಟು ಸ್ವಲ್ಪ ಮೇಲೆ ಏರಿದ್ದೆವು ಅಷ್ಟೇ, ಎಡಗಡೆಯ ಎಂಜಿನ್ನಿಗೆ ಬೆಂಕಿ ಬಿದ್ದಿದೆ ಎಂದು ಗಂಟೆ ಹೊಡೆಯಿತು. ಅದನ್ನು ಬಂದ್ ಮಾಡುವ ಕೆಲಸ ನನ್ನದು. ಗೋಡೆಯ ಚಿತ್ರದ ಮುಂದೆ ನೂರು ಸಲ ಮಾಡಿದ್ದು. ಆದರೂ ನನ್ನ ಕೈ ಬಲಗಡೆಯ ಎಂಜಿನ್ನಿನ ಸ್ವಿಚ್ಚಿನ ಮೇಲೆ ಹೋಯಿತು. ಅದನ್ನು ಬಂದ್ ಮಾಡಿದ್ದರೆ ಇದ್ದ ಒಂದು ಒಳ್ಳೆಯ ಎಂಜಿನ್ನೂ ಹೋಗುತ್ತಿತ್ತು.

ಬಂದ್ ಮಾಡುವ ಮೊದಲು ಜೊತೆಯವರನ್ನು ಕೇಳಬೇಕು ಎಂಬುದು ನಿಯಮ. ಕೈಯನ್ನು ಅಲ್ಲೇ ಹಿಡಿದು, “ಇದೇನಾ?” ಎಂದು ಕೇಳಿದೆ. ಅವಳು ನನ್ನ ಕೈ ನೋಡಿದಳು. ದನಿ ಏರಿಸಲಿಲ್ಲ. “ಅಲ್ಲ. ಎಡಗಡೆ” ಎಂದಳು. ಕೈ ಎತ್ತಿ ಸರಿಯಾದದ್ದರ ಮೇಲೆ ಇಟ್ಟು ಮತ್ತೆ ಕೇಳಿದೆ. “ಹೌದು” ಎಂದಳು. ಬಂದ್ ಮಾಡಿದೆ. ಒಂದು ಸುತ್ತು ಹಾಕಿ ಅವಳು ಇಳಿಸಿದಳು. ಅದೇ ಪರೀಕ್ಷೆಯನ್ನು ಆಮೇಲೆ ನಾನು ಹಾರಿಸುತ್ತ ಮಾಡಿದೆ, ಅವಳು ನೋಡಿಕೊಂಡಳು. ಅದು ಸುಸೂತ್ರವಾಗಿ ಆಯಿತು.

ಹೊರಗೆ ಬಂದಾಗ ನಾನು ನಪಾಸಾದೆ ಎಂದುಕೊಂಡಿದ್ದೆ. ಪರೀಕ್ಷಕರು ಕಾಗದದಿಂದ ತಲೆ ಎತ್ತದೆ, “ಕೈ ತಪ್ಪುವುದು ಎಲ್ಲರಿಗೂ ಆಗುತ್ತದೆ. ನೀವು ಕೇಳದೆ ಬಂದ್ ಮಾಡಲಿಲ್ಲ, ಅವರು ನೋಡದೆ ಹೂಂ ಅನ್ನಲಿಲ್ಲ. ನನಗೆ ಬೇಕಾದದ್ದು ಅದು” ಎಂದು ಸಹಿ ಹಾಕಿದರು. ಮೆಟ್ಟಿಲಿಳಿಯುವಾಗ ಮಹಜಬೀನ್ ನನ್ನ ರಟ್ಟೆ ಹಿಡಿದುಕೊಂಡು, “ಹೆದರಿಕಿ ಆಗಿತ್ತೇನು?” ಎಂದಳು. “ಭಾಳ” ಎಂದೆ. “ನಂಗೂ” ಎಂದಳು.

ಮುಂದಿನ ವಾರ ಇಬ್ಬರೂ ಊರಿಗೆ ಬರುತ್ತೇವೆ. ಅವಳು ಹುಮನಾಬಾದಿನಲ್ಲಿ ಇಳಿದು ನಮ್ಮಲ್ಲಿ ಉಂಡು ಮುಂದೆ ಹೋಗುತ್ತಾಳಂತೆ. ವೈನಿಗೆ ತಿಳಿಸಿ.

ನಿಮ್ಮ ಮಗಳು
ಶೀತಲ್

*

ಬಸವಕಲ್ಯಾಣ
೨೦ ಡಿಸೆಂಬರ್ ೨೦೨೫

ಶೀತಲ್,

ಎದುರಿಗೆ ಕೂತು ಹೇಳಲು ಬಾಯಿ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾವಿಬ್ಬರೂ ಅರ್ಜಿ ಹಾಕಿದ್ದ ಕಂಪನಿಯ ಪಟ್ಟಿಯಲ್ಲಿ ನನ್ನ ಹೆಸರು ಬಂದು ನಿನ್ನದು ಬರದೆ ಇದ್ದಾಗ ನಾನು ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ. ನೀನು ಮಾತ್ರ ಪೇಢೆ ಹಿಡಿದುಕೊಂಡು ಮೊದಲ ಬಸ್ಸಿಗೇ ಬಂದೆ. ಅಮ್ಮಿಯ ಬಾಯಿಗೆ ಹಾಕಿದೆ, ಭಾಯಿಯ ಬಾಯಿಗೂ ಹಾಕಿದೆ. ನೀನು ಹೋದ ಮೇಲೆ ಭಾಯಿ, “ಆ ಹುಡುಗಿ ಖುಷಿ ಖರೇನ ಅದ, ತೋರಸಾಕ ಮಾಡಿದ್ದಲ್ಲ” ಎಂದ.

ಜನವರಿ ಐದಕ್ಕೆ ದಿಲ್ಲಿಯಲ್ಲಿ ಹಾಜರಾಗಬೇಕು. ಐನೂರು ತಾಸಿನ ಮಾತನ್ನು ಈ ಸಲ ಯಾರೂ ಎತ್ತಲಿಲ್ಲ. ರೇಟಿಂಗ್ ಚಾಲ್ತಿಯಲ್ಲಿದೆಯೇ ಎಂದಷ್ಟೇ ಕೇಳಿದರು. ಅದು ಚಾಲ್ತಿಯಲ್ಲಿ ಇದ್ದದ್ದು ನಿನ್ನ ಒಂದು ಪತ್ರದಿಂದ. ನೀನು ಬರೆಯದೆ ಇದ್ದಿದ್ದರೆ, ಆಗಸ್ಟ್‌ನಲ್ಲಿ ಸತ್ತ ಅದನ್ನು ನಾನು ಮತ್ತೆ ಎಬ್ಬಿಸುತ್ತಿರಲಿಲ್ಲ.

ಎರಡನೆಯ ಪಟ್ಟಿ ಬರುತ್ತದೆ ಎನ್ನುತ್ತಾರೆ. ಬರಲಿ, ಬರದೆ ಇರಲಿ, ನಿನ್ನ ಜೊತೆ ನಾನಿದ್ದೇನೆ.

ಮಹಜಬೀನ್

*

ಹುಮನಾಬಾದ್
೧೮ ಜನವರಿ ೨೦೨೬

ಪ್ರೀತಿಯ ಮಹಜಬೀನ್,

ನಿನ್ನೆ ಫೋನಿನಲ್ಲಿ ನಾನು ಬಂತು, ಬಂತು ಎಂದು ಕಿರುಚಿದ್ದು ಬಿಟ್ಟರೆ ಬೇರೆ ಏನೂ ನಿನಗೆ ಕೇಳಿಸಿರಲಿಕ್ಕಿಲ್ಲ. ಆದದ್ದು ಹೀಗೆ.

ಘಾಟಬೋರಾಳದಲ್ಲಿ ಸೋದರತ್ತೆಯ ಮನೆಯ ಕಾರ್ಯ ಮುಗಿಸಿಕೊಂಡು ಟಂಟಂ ಆಟೋದಲ್ಲಿ ಬರುತ್ತಿದ್ದೆ. ಎಂಟು ಜನ, ಒಂದು ಮೇಕೆ, ಮೆಂತೆ ಸೊಪ್ಪಿನ ಗಂಟು. ಗಂಟಿನ ಮೇಲೆ ಕಾಲಿಟ್ಟುಕೊಂಡು ಕೂತು ಸುಮ್ಮನೆ ಫೋನ್ ತೆಗೆದೆ. ಕಂಪನಿಯ ಪತ್ರ ಬಂದಿತ್ತು. ಎರಡನೆಯ ಪಟ್ಟಿ. ನನ್ನ ಹೆಸರು, ಅಪ್ಪನ ಹೆಸರು, ಫೆಬ್ರುವರಿ ಎರಡಕ್ಕೆ ಹಾಜರಾಗಬೇಕು ಎಂದು. ಮೂರು ಸಲ ಓದಿದೆ. ಅಕ್ಷರ ಕಾಣದ ಹಾಗಾಯಿತು. ಗಾಡಿ ನಿಲ್ಲಿಸ್ರೀ ಎಂದೆ.

ಕೆಳಗಿಳಿದು ಕಡಲೆಯ ಹೊಲದ ಬದುವಿನ ಮೇಲೆ ನಿಂತೆ. ಎರಡು ವರ್ಷ ಎದೆಯಲ್ಲಿ ಹಿಡಿದಿಟ್ಟ ಉಸಿರು ಒಮ್ಮೆಗೇ ಹೊರಗೆ ಬಂತು. ಜೋರಾಗಿ ಅತ್ತೆ. ಡಾಕ್ಟರು ಏನೂ ಆಗಿಲ್ಲ ಎಂದಾಗ ಬರದೆ ಇದ್ದ ಅಳು ಕೂಡ ಅದರ ಜೊತೆಗೇ ಬಂದಿರಬೇಕು. ಗಾಡಿಯವರೆಲ್ಲ ಗಾಬರಿಯಾಗಿ ನೋಡುತ್ತಿದ್ದರು. ಒಬ್ಬ ಮುದುಕಿ ಮೇಕೆಯನ್ನು ಪಕ್ಕದವರ ಕೈಗೆ ಕೊಟ್ಟು ಇಳಿದು ಬಂದಳು. ನನ್ನ ಬೆನ್ನ ಮೇಲೆ ಕೈ ಇಟ್ಟು, “ಯಾಕವ್ವಾ, ಜೀವಕ್ಕ ಚಲೋ ಇಲ್ಲೇನು?” ಎಂದಳು.

“ಚಲೋ ಅದ ಆಯೀ,” ಎಂದೆ. “ಭಾಳ ಚಲೋ ಅದ.”

ನಿನ್ನ
ಶೀತಲ್